ಬಲ್ಜ್: ಜೋಡಿ ಸಿಗದೆ ಉಳಿದ ಬೇಸ್

ಅವಸರದಲ್ಲಿ ಅಂಗಿ ಹಾಕಿಕೊಳ್ಳುವಾಗ ಒಂದು ಗುಂಡಿಯ ಕಾಜಾ ತಪ್ಪಿದರೆ, ಮಧ್ಯದಲ್ಲಿ ಬಟ್ಟೆ ಉಬ್ಬಿಕೊಳ್ಳುತ್ತದೆ ಅಲ್ವಾ? ಡಿಎನ್‌ಎ, ಆರ್‌ಎನ್‌ಎ ಸುರುಳಿಗಳಲ್ಲೂ ಹೀಗಾಗುತ್ತದೆ. ಅದಕ್ಕೆ ಬಲ್ಜ್ ಅಂತ ಹೆಸರು. ಉಬ್ಬು ಅಂದರೂ ಸರಿಯೇ.

ಸುರುಳಿಯ ಎರಡು ಎಳೆಗಳಲ್ಲಿ ಬೇಸ್‌ಗಳು, ಅಂದರೆ ಅಕ್ಷರಗಳ ಹಾಗೆ ಸಾಲಾಗಿ ಕೂತ ಘಟಕಗಳು (ಅಡೆನಿನ್ ಅವುಗಳಲ್ಲೊಂದು), ಎದುರುಬದುರು ಜೋಡಿಯಾಗುತ್ತವೆ. ಒಂದು ಎಳೆಯಲ್ಲಿ ಒಂದೋ ಕೆಲವೋ ಬೇಸ್ ಜಾಸ್ತಿ ಇದ್ದು, ಎದುರಿಗೆ ಏನೂ ಇಲ್ಲದಿದ್ದರೆ ಅದು ಬಲ್ಜ್. ಮಿಸ್‌ಮ್ಯಾಚ್ ಬೇರೆ. ಅಲ್ಲಿ ಎದುರಿಗೆ ಬೇಸ್ ಇರುತ್ತದೆ, ಹೊಂದುವುದಿಲ್ಲ ಅಷ್ಟೇ.

ಹೆಸರು ಕೇಳಿದರೆ ಈ ಒಂಟಿ ಬೇಸ್ ಹೊರಕ್ಕೆ ಚಾಚಿಕೊಂಡೇ ಇರಬೇಕು ಅನ್ನಿಸುತ್ತದೆ. ಹಾಗೇನಿಲ್ಲ. 1986ರಲ್ಲಿ, ನೀರಿನಲ್ಲಿ ಕರಗಿಸಿದ 13 ಬೇಸ್‌ಗಳ ಡಿಎನ್‌ಎ ತುಂಡೊಂದನ್ನು ಎನ್‌ಎಂಆರ್‌ನಿಂದ (ಕಾಂತಕ್ಷೇತ್ರ ಬಳಸಿ ಅಣುವಿನ ಆಕಾರ ತಿಳಿಯುವ ವಿಧಾನ) ನೋಡಿದಾಗ, ಹೆಚ್ಚುವರಿ ಅಡೆನಿನ್ ಒಳಗೇ ಸೇರಿಕೊಂಡಿತ್ತು. ಅಡುಗೆಮನೆಯಲ್ಲಿ ಜೋಡಿಸಿಟ್ಟ ತಟ್ಟೆಗಳ ನಡುವೆ ಇನ್ನೊಂದು ತಟ್ಟೆ ತೂರಿಸಿದ ಹಾಗೆ. ಎರಡು ವರ್ಷದ ನಂತರ, ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಅದನ್ನೇ ಹೋಲುವ ತುಂಡೊಂದರ ಹರಳು ಬೆಳೆಸಿ ಎಕ್ಸ್-ರೇ ಹಾಯಿಸಿದರು. ವಿಜ್ಞಾನಿ ಡಿಕರ್ಸನ್ ಅವರ ತಂಡದಿಂದ ಹೆಸರಾದ 12 ಜೋಡಿಗಳ ಡಿಎನ್‌ಎ ಸುರುಳಿಯೊಂದಿದೆ, ಅದರ ಪ್ರತಿ ಎಳೆಗೂ ಒಂದೊಂದು ಅಡೆನಿನ್ ಸೇರಿಸಿದ ತುಂಡು ಅದು. ಇಲ್ಲಿ ಅಡೆನಿನ್ ಸುರುಳಿಯಿಂದ ಹೊರಬಿದ್ದಿತ್ತು!

ಯಾವುದು ಸರಿ ಅಂದರೆ, ಎರಡೂ. ಅಕ್ಕಪಕ್ಕದ ಬೇಸ್‌ಗಳು ಯಾವುವು, ಸುತ್ತ ಲೋಹದ ಅಯಾನುಗಳಿವೆಯೇ, ಇದೆಲ್ಲ ಸೇರಿ ಅದರ ಜಾಗ ಗೊತ್ತಾಗುತ್ತದೆ. ಹರಳಿನಲ್ಲಂತೂ ಅಣುಗಳು ಒತ್ತೊತ್ತಾಗಿ ಕೂತಿರುತ್ತವೆ, ಪಕ್ಕದ ಅಣುವಿನ ಪ್ರಭಾವವೂ ಇರಬಹುದು. ಅದಕ್ಕೇ ಹರಳಿನ ಚಿತ್ರವನ್ನು ಒಂದು ಭಂಗಿಯ ಫೋಟೋ ಅಂತ ನೋಡುವುದು ಒಳ್ಳೆಯದು.

ಲೋಹದ ಪಾತ್ರಕ್ಕೆ ಉದಾಹರಣೆಯಾಗಿ, ಏಡ್ಸ್ ತರುವ ಎಚ್‌ಐವಿ ವೈರಸ್ಸಿನ ಟಾರ್ ಎಂಬ ಆರ್‌ಎನ್‌ಎ ಭಾಗ ನೋಡಿ. ಅದರ ಕಾಂಡದಲ್ಲಿ, ಅಂದರೆ ಬೇಸ್‌ಗಳು ಜೋಡಿಯಾಗಿರುವ ಭಾಗದಲ್ಲಿ, ಮೂರು ಬೇಸ್‌ಗಳ ಉಬ್ಬಿದೆ: ಯು (ಯುರಾಸಿಲ್), ಸಿ (ಸೈಟೋಸಿನ್), ಯು. ವೈರಸ್ಸಿನ ಟ್ಯಾಟ್ ಪ್ರೊಟೀನ್ ಬಂದು ಹಿಡಿಯುವುದು ಇಲ್ಲೇ. 1998ರಲ್ಲಿ 1.3 ಆಂಗ್‌ಸ್ಟ್ರಾಮ್‌ನಷ್ಟು (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಸ್ಪಷ್ಟವಾಗಿ ಸಿಕ್ಕ ಹರಳಿನ ರಚನೆಯಲ್ಲಿ, ಈ ಉಬ್ಬಿನ ಆಕಾರವನ್ನು ಕ್ಯಾಲ್ಸಿಯಂ ಅಯಾನುಗಳು ಹಿಡಿದಿಟ್ಟಿದ್ದವು.

ಹಾಗಂತ ಉಬ್ಬು ಅಂದರೆ ಬರೀ ತಪ್ಪು, ದೋಷ ಅಂದುಕೊಳ್ಳಬೇಡಿ. ಡಿಎನ್‌ಎ ನಕಲಾಗುವಾಗ ಎಳೆ ಜಾರಿ ಉಬ್ಬು ಮೂಡಿದರೆ ಬೇಸ್ ಸೇರಿಹೋಗಿಯೋ ಬಿಟ್ಟುಹೋಗಿಯೋ ಮ್ಯುಟೇಶನ್ ಆಗಬಹುದು, ನಿಜ. ಆದರೆ ನಮ್ಮ ಜೀವಕೋಶಗಳು ಆರ್‌ಎನ್‌ಎಯಿಂದ ಇಂಟ್ರಾನ್ (ಪ್ರೊಟೀನ್ ತಯಾರಿಗೆ ಬೇಡದ ನಡುವಿನ ತುಂಡು) ಕತ್ತರಿಸಿ ತೆಗೆಯುವಾಗ ಉಬ್ಬನ್ನೇ ನೆಚ್ಚಿಕೊಂಡಿರುತ್ತವೆ. ಇಂಟ್ರಾನಿನೊಳಗಿನ ಒಂದು ಅಡೆನೊಸಿನ್‌ಗೆ (ಅಡೆನಿನ್ ಇರುವ ಘಟಕ), ಈ ಕತ್ತರಿಸುವ ಕೆಲಸಕ್ಕೆ ನೆರವಾಗಲು ಎದುರಿಗೆ ಬಂದು ಕೂಡುವ ಯು2 ಎಂಬ ಸಣ್ಣ ಆರ್‌ಎನ್‌ಎಯಲ್ಲಿ ಜೋಡಿ ಇರುವುದಿಲ್ಲ. ಉಬ್ಬಿ ನಿಂತ ಅದೇ ಅಡೆನೊಸಿನ್ ಹೋಗಿ ಇಂಟ್ರಾನಿನ ಆರಂಭದ ತುದಿಗೆ ಅಂಟಿಕೊಳ್ಳುತ್ತದೆ, ಕುಣಿಕೆ ಬೀಳುತ್ತದೆ.