ಜಡೆ ಡಿಸೈನಿನ ರಗ್ಗು: ಲೆಕ್ಕ ಸರಿಯಿದ್ದರೂ ಅಗಲ ಯಾಕೆ ಕಡಿಮೆ ಬರುತ್ತದೆ?

ಪ್ರಶ್ನೆ: ಧಾರವಾಡದ ಚಳಿಗೆಂದು ದಪ್ಪ ದಾರದಲ್ಲಿ ಕೇಬಲ್, ಅಂದರೆ ಜಡೆ ಡಿಸೈನಿನ ರಗ್ಗು ಶುರು ಮಾಡಿದ್ದೇನೆ. 8 ಮಿ.ಮೀ. ಕಡ್ಡಿ. ದಾರದ ಚೀಟಿಯಲ್ಲಿ 10 ಸೆಂ.ಮೀ.ಗೆ 12 ಕುಣಿಕೆ ಎಂದಿತ್ತು. ಒಂದು ಮೀಟರ್ ಅಗಲ ಬೇಕೆಂದು 118 ಕುಣಿಕೆ ಹಾಕಿದೆ. ಎರಡು ಗೇಣು ಹೆಣೆದು ಅಳೆದರೆ 79 ಸೆಂ.ಮೀ. ಇದೆ! ಕೆಳಗಿನ ಅಂಚು ಬೇರೆ ನೆರಿಗೆ ಬಿದ್ದಿದೆ. ಒಂದು ಕಿಲೋ ದಾರ ತಂದಿದ್ದೇನೆ. ಅದು ಸಾಲುತ್ತದೋ ಇಲ್ಲವೋ ಎಂಬ ಚಿಂತೆ ಶುರುವಾಗಿದೆ. ಬಿಚ್ಚಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಕೈ ಬಿಗಿಯಾಗಿಲ್ಲ, ಎಣಿಕೆಯೂ ತಪ್ಪಿಲ್ಲ. ಚೀಟಿಯಲ್ಲಿರುವ 12 ಕುಣಿಕೆ ಸಾದಾ ಹೆಣಿಗೆಯ ಲೆಕ್ಕ, ಅಂದರೆ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದಾಗ ಬರುವ ಅಳತೆ. ಜಡೆ ಬಂದ ಕೂಡಲೇ ಆ ಲೆಕ್ಕ ನಡೆಯುವುದಿಲ್ಲ. ನಿಮ್ಮ ರಗ್ಗಿನಲ್ಲಿ ಈಗ 10 ಸೆಂ.ಮೀ.ಗೆ 15 ಕುಣಿಕೆ ಕೂತಿವೆ. 118ನ್ನು 15ರಿಂದ ಭಾಗಿಸಿ 10ರಿಂದ ಗುಣಿಸಿ ನೋಡಿ, 79 ಸೆಂ.ಮೀ.ಗೆ ಬಂದು ನಿಲ್ಲುತ್ತದೆ.

ಯಾಕೆ ಹೀಗೆ? ಎರಡು ಬೆರಳನ್ನು ಅಕ್ಕಪಕ್ಕ ಇಡಿ. ಈಗ ಒಂದರ ಮೇಲೊಂದು ದಾಟಿಸಿ. ಅಗಲ ಕಡಿಮೆಯಾಯಿತು, ಅಲ್ವಾ? ಆರು ಕುಣಿಕೆಯ ಜಡೆಯಲ್ಲಿ ಮೂರು ಕುಣಿಕೆ ಇನ್ನು ಮೂರರ ಮೇಲೆ ಹಾಯುತ್ತವೆ. ದಾಟುವ ಜಾಗದಲ್ಲಿ ಬಟ್ಟೆ ಎರಡು ಪದರ ಆಗುತ್ತದೆ. ಆ ದಪ್ಪಕ್ಕೆ ಬೇಕಾದ ದಾರ ಅಗಲದಿಂದಲೇ ಹೋಗುತ್ತದೆ. ಇನ್ನೊಂದು ಕಾರಣ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಜಡೆಗಳ ನಡುವೆ ಇರುವ ಎರಡು ಉಲ್ಟಾ ಕುಣಿಕೆಗಳು ಹಿಂದಕ್ಕೆ ಸರಿದು ಹಳ್ಳ ಮಾಡುತ್ತವೆ. ಸ್ವೆಟರಿನ ತೋಳಿನ ತುದಿ ಮಣಿಕಟ್ಟಿಗೆ ಬಿಗಿಯಾಗಿ ಕೂರುವುದು ಇದೇ ಸೀದಾ-ಉಲ್ಟಾ ಜೋಡಣೆಯಿಂದ. ಅಲ್ಲಿ ಅದು ಬೇಕು. ರಗ್ಗಿನಲ್ಲಿ ಕೇಳದೇ ಬಂದುಬಿಡುತ್ತದೆ.

ನಮ್ಮ ಕಡೆ ಕಸೂತಿ ಹಾಕಿ ಕೈ ಪಳಗಿದವರು ಇಲ್ಲಿ ಜಾಸ್ತಿ ಮೋಸ ಹೋಗುತ್ತಾರೆ. ಗವಂತಿ, ಮುರ್ಗಿ, ನೇಯ್ಗಿ, ಮೆಂಥಿ ಎಂಬ ಕಸೂತಿ ಹೊಲಿಗೆಗಳೆಲ್ಲವೂ ಎಳೆ ಎಣಿಸಿ ಹಾಕುವಂಥವು. ಅಲ್ಲಿ ಬಟ್ಟೆ ಮೊದಲೇ ನೇಯ್ದು ಬಂದಿರುತ್ತದೆ. ನೀವು ಗೋಪುರ ಹಾಕಿದರೂ ತೇರು ಹಾಕಿದರೂ ಎಳೆಗಳು ಇದ್ದಲ್ಲೇ ಇರುತ್ತವೆ. ಎಣಿಕೆ ಸರಿಯಿದ್ದರೆ ಅಳತೆಯೂ ಸರಿ. ಹೆಣಿಗೆಯಲ್ಲಿ ಬಟ್ಟೆ ಹುಟ್ಟುವುದೇ ನಿಮ್ಮ ಕಡ್ಡಿಯಿಂದ. ಡಿಸೈನ್ ಬದಲಾದರೆ ಬಟ್ಟೆಯ ಅಗಲವೂ ಬದಲಾಗುತ್ತದೆ. ಹಾಗಂತ ಕಸೂತಿ ಬಲ್ಲವರಿಗೆ ಲಾಭ ಇಲ್ಲ ಎಂದಲ್ಲ. ಚೌಕುಳಿ ಹಾಳೆಯ ಜಡೆ ನಕ್ಷೆಯನ್ನು ಅವರಷ್ಟು ಸಲೀಸಾಗಿ ಓದುವವರು ಕಡಿಮೆ.

ಹಾಗಾದರೆ ಸರಿಯಾದ ಲೆಕ್ಕ ಎಲ್ಲಿ ಸಿಗುತ್ತದೆ? ನಮೂನೆ ತುಂಡಿನಲ್ಲಿ. ಅದೂ ಸಾದಾ ಹೆಣಿಗೆಯ ತುಂಡಲ್ಲ, ಜಡೆ ಹಾಕಿಯೇ ಹೆಣೆದ ತುಂಡು. ಬಹಳ ಮಂದಿ ಇದನ್ನು ಸುಮ್ನೆ ಹೊತ್ತು ಹಾಳು ಎಂದು ಬಿಡುತ್ತಾರೆ. ಮೀಟರ್ ಅಗಲದ ರಗ್ಗನ್ನು ಎರಡು ಗೇಣು ಹೆಣೆಯುವುದಕ್ಕಿಂತ ಇದು ಎಷ್ಟೋ ಕಡಿಮೆ ಕೆಲಸ. 34 ಕುಣಿಕೆ ಹಾಕಿ. ಎರಡು ಉಲ್ಟಾ, ಆರು ಸೀದಾ, ಹೀಗೆ ನಾಲ್ಕು ಸಲ, ಕೊನೆಗೆ ಎರಡು ಉಲ್ಟಾ. ಹಿಂಬದಿಯ ಸಾಲಿನಲ್ಲಿ ಸೀದಾ ಇದ್ದಲ್ಲಿ ಉಲ್ಟಾ, ಉಲ್ಟಾ ಇದ್ದಲ್ಲಿ ಸೀದಾ. ಜಡೆ ನಾಲ್ಕು ಸಲ ದಾಟುವವರೆಗೆ ಹೆಣೆಯಿರಿ. ಒಮ್ಮೆ ಒಗೆದು, ಎಳೆಯದೆ ಚಪ್ಪಟೆ ಹಾಸಿ ಒಣಗಿಸಿ. ಆಮೇಲೆ ಅಂಚು ಬಿಟ್ಟು ನಡುವೆ ಅಳೆಯಿರಿ. ಅಂಚಿನ ಕುಣಿಕೆಗಳು ಯಾವಾಗಲೂ ಸುಳ್ಳು ಹೇಳುತ್ತವೆ.

ನಿಮ್ಮ ಹಾಗೆ 10 ಸೆಂ.ಮೀ.ಗೆ 15 ಕುಣಿಕೆ ಬಂದರೆ ಒಂದು ಮೀಟರಿಗೆ 150 ಬೇಕು. ಇದು ಡಿಸೈನಿಗೆ ಹೊಂದುತ್ತದೆಯೇ ನೋಡೋಣ. ಎರಡೂ ಪಕ್ಕದ ಅಂಚಿಗೆ ಆರಾರು, ಅಂದರೆ 12. ಒಂದೊಂದು ಜಡೆಗೆ ಅದರ ಪಕ್ಕದ ಉಲ್ಟಾ ಸೇರಿ ಎಂಟು. ಹದಿನೇಳು ಜಡೆಗೆ 136. ಕೊನೆಯ ಜಡೆಯ ಆಚೆ ಎರಡು ಉಲ್ಟಾ. ಕೂಡಿದರೆ 150. ಹೀಗೆ ಎಂಟರ ಗುಣಕಕ್ಕೆ 14 ಕೂಡಿಸುತ್ತ ಹೋದರೆ ಯಾವ ಅಗಲಕ್ಕೂ ಲೆಕ್ಕ ಸಿಗುತ್ತದೆ. ನಿಮ್ಮ 118 ಕೂಡ ಇದೇ ಲೆಕ್ಕ, ಹದಿಮೂರು ಜಡೆಯದು.

ಈಗ ಆ ನೆರಿಗೆಯ ವಿಷಯ. ಕೆಳಗಿನ ಪಟ್ಟಿಯಲ್ಲಿ ಎರಡೂ ಬದಿ ಸೀದಾ ಹೆಣೆದಿರುತ್ತೀರಿ. ಅಲ್ಲಿ ಜಡೆ ಇಲ್ಲ, ಆದ್ದರಿಂದ ಸೆಳೆತವೂ ಇಲ್ಲ. 118 ಕುಣಿಕೆ ಅಲ್ಲಿ ಒಂದು ಮೀಟರಿನಷ್ಟು ಹರಡಿಕೊಳ್ಳುತ್ತದೆ, ಮೇಲೆ ಜಡೆ ಅದನ್ನು 79ಕ್ಕೆ ಎಳೆಯುತ್ತದೆ. ಹೊಸದಾಗಿ ಹೆಣೆಯುವವರು ಹೀಗೆ ಮಾಡಿ. 150ರ ರಗ್ಗಿಗೆ ಮೊದಲು 116 ಮಾತ್ರ ಹಾಕಿ. ಎಂಟು ಸಾಲು ಪಟ್ಟಿ ಹೆಣೆಯಿರಿ. ಪಟ್ಟಿಯ ಕೊನೆಯ ಸಾಲಿನಲ್ಲಿ ಪ್ರತಿ ಜಡೆ ಬರುವ ಜಾಗದಲ್ಲಿ ಎರಡೆರಡು ಕುಣಿಕೆ ಹೆಚ್ಚಿಸಿ. 17 ಜಡೆಗೆ 34 ಹೆಚ್ಚಿ 150 ಆಯಿತು. ರಗ್ಗು ಮುಗಿಸುವಾಗ ಇದೇ ಕೆಲಸ ತಿರುಗಾಮುರುಗಾ.

ದಾಟಿಸುವುದು ಕಷ್ಟವೇನಲ್ಲ. ಮೂರು ಕುಣಿಕೆಯನ್ನು ಸಣ್ಣ ಕಡ್ಡಿಗೆ ತೆಗೆದು ಮುಂದೆ ಬಿಟ್ಟರೆ ಜಡೆ ಎಡಕ್ಕೆ ವಾಲುತ್ತದೆ, ಹಿಂದೆ ಬಿಟ್ಟರೆ ಬಲಕ್ಕೆ. ಆರು ಕುಣಿಕೆಯ ಜಡೆಯನ್ನು ಎಂಟು ಸಾಲಿಗೊಮ್ಮೆ ದಾಟಿಸುವುದು ರಗ್ಗಿಗೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ನಾಲ್ಕು ಸಾಲಿಗೊಮ್ಮೆ ದಾಟಿಸಿದರೆ ಫೋಟೋದಲ್ಲಿ ಚೆಂದ. ಮೈಮೇಲೆ ಹೊದ್ದರೆ ಹಗ್ಗದ ಮಂಚ ಹೊದ್ದಂತೆ. ಅಗಲವೂ ಇನ್ನಷ್ಟು ಹೋಗುತ್ತದೆ.

ದಾರದ ತೂಕಕ್ಕೂ ಆ ನಮೂನೆ ತುಂಡೇ ಸಾಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಡಿ. ತುಂಡು 22ಕ್ಕೆ 20 ಸೆಂ.ಮೀ. ಇದ್ದು 38 ಗ್ರಾಂ ತೂಗಿತು ಎನ್ನಿ. ಅಂದರೆ 440 ಚದರ ಸೆಂ.ಮೀ.ಗೆ 38 ಗ್ರಾಂ. ಮೀಟರ್ ಅಗಲ, 130 ಸೆಂ.ಮೀ. ಉದ್ದದ ರಗ್ಗು 13,000 ಚದರ ಸೆಂ.ಮೀ. ಅದಕ್ಕೆ ಸುಮಾರು 1,120 ಗ್ರಾಂ ಬೇಕು. ಗಂಟು, ತುದಿ, ತಪ್ಪು-ಒಪ್ಪು ಎಂದು ನೂರಕ್ಕೆ ಹತ್ತು ಸೇರಿಸಿದರೆ ಒಂದೂಕಾಲು ಕಿಲೋ. ಇಡೀ ದಾರವನ್ನು ಒಮ್ಮೆಗೇ ತನ್ನಿ. ಚೀಟಿಯಲ್ಲಿ ಬಣ್ಣದ ಲಾಟ್ ನಂಬರ್ ಇರುತ್ತದೆ. ಲಾಟ್ ಬೇರೆಯಾದರೆ ಒಂದೇ ಬಿಳಿ ಎರಡು ಬಿಳಿ ಆಗಿ ಕಾಣುತ್ತದೆ.

ಹುಬ್ಬಳ್ಳಿಯ ದುರ್ಗದ ಬೈಲಿಗೋ ಧಾರವಾಡದ ಸುಭಾಸ ರಸ್ತೆಗೋ ಕಡ್ಡಿ ಕೊಳ್ಳಲು ಹೋದವರು ಒಂದು ವಿಷಯ ನೆನಪಿಡಿ. ಅಂಗಡಿಯಲ್ಲಿ "8 ನಂಬರ್ ಕಡ್ಡಿ ಕೊಡ್ರಿ" ಎಂದರೆ 4 ಮಿ.ಮೀ.ನ ಸ್ವೆಟರ್ ಕಡ್ಡಿ ಕೈಗೆ ಬರಬಹುದು. ಹಳೆಯ ಬ್ರಿಟಿಷ್ ನಂಬರಿನಲ್ಲಿ ಅಂಕಿ ದೊಡ್ಡದಾದಷ್ಟೂ ಕಡ್ಡಿ ಸಣ್ಣ. 8 ಮಿ.ಮೀ. ಎಂದರೆ ಆ ಲೆಕ್ಕದಲ್ಲಿ ಸೊನ್ನೆ ನಂಬರ್. ಆದ್ದರಿಂದ ಮಿ.ಮೀ. ಎಂದೇ ಕೇಳಿ. ನೇರ ಕಡ್ಡಿ ಬೇಡ, ನಡುವೆ ವೈರ್ ಇರುವ ಜೋಡಿ ಕಡ್ಡಿ ತೆಗೆದುಕೊಳ್ಳಿ. ರಗ್ಗಿನ ಭಾರ ಮಣಿಕಟ್ಟಿನ ಬದಲು ತೊಡೆಯ ಮೇಲೆ ಕೂರುತ್ತದೆ. ದಪ್ಪ ದಾರ ಸಿಗದಿದ್ದರೆ ಮಾಮೂಲಿ ಸ್ವೆಟರ್ ದಾರದ ಎರಡು ಎಳೆ ಸೇರಿಸಿ ಹೆಣೆಯಬಹುದು. ಕಡ್ಡಿಯ ಅಳತೆಯನ್ನು ಮಾತ್ರ ಮತ್ತೆ ನಮೂನೆ ಹೆಣೆದೇ ನಿಶ್ಚಯಿಸಿ.

ಯಾವ ದಾರ? ನಮ್ಮಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ 15 ಡಿಗ್ರಿ ಆಸುಪಾಸು. ಹಿಮಾಚಲದ ಚಳಿ ಅಲ್ಲ. ಕಾಲ ಮೇಲೆ ಹೊದ್ದು ಟಿವಿ ನೋಡುವ ಅಳತೆಯ ರಗ್ಗಿಗೆ ಅಕ್ರಿಲಿಕ್ ಸಾಕು. ಬೆಲೆ ಕಡಿಮೆ, ನುಸಿ ತಿನ್ನುವುದಿಲ್ಲ, ಬೇಗ ಒಣಗುತ್ತದೆ. ಡಬಲ್ ಕಾಟಿನ ಅಳತೆಗೆ ಕೈ ಹಾಕಬೇಡಿ. ನಾಲ್ಕು ಕಿಲೋ ದಾಟಬಹುದು, ಒಗೆದು ಹಿಂಡುವವರು ಯಾರು? ಹಾವೇರಿ ಜಿಲ್ಲೆಯ ಮೆಡ್ಲೇರಿ ಕಂಬಳಿಯ ಉಣ್ಣೆಯಲ್ಲೇ ಹೆಣೆಯಬಹುದಾ ಎಂದೂ ಕೆಲವರು ಕೇಳುತ್ತಾರೆ. ದಖ್ಖನಿ ಕುರಿಯ ಉಣ್ಣೆ ಒರಟು. ಮಗ್ಗದಲ್ಲಿ ನೇಯ್ದರೆ ಕಂಬಳಿಗೆ ಅದೇ ಬಲ. ಕೈಹೆಣಿಗೆಗೆ ಚುಚ್ಚುತ್ತದೆ, ಜಡೆಯೂ ಎದ್ದು ಕಾಣುವುದಿಲ್ಲ.

ಇನ್ನು ನಿಮ್ಮ ಕೈಯಲ್ಲಿರುವ ರಗ್ಗು. ಇಸ್ತ್ರಿ ಮಾಡಿ ಎಳೆದು ಅಗಲ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಉಣ್ಣೆಯಾದರೆ ಒದ್ದೆ ಮಾಡಿ ಹಿಗ್ಗಿಸಿ, ಸೂಜಿ ಚುಚ್ಚಿ ಒಣಗಿಸಬಹುದು, ಅಷ್ಟಿಷ್ಟು ಅಗಲ ಸಿಗುತ್ತದೆ. ಅಕ್ರಿಲಿಕ್ ಬಿಸಿಗೆ ಸತ್ತು ಹೋಗುತ್ತದೆ. ಜಡೆ ಚಪ್ಪಟೆಯಾದರೆ ಮತ್ತೆ ಏಳುವುದಿಲ್ಲ.

ಒಂದು ಗೇಣಿನೊಳಗೆ ಇದ್ದಿದ್ದರೆ ಬಿಚ್ಚಿ ಎನ್ನುತ್ತಿದ್ದೆ. ಎರಡು ಗೇಣು ಆಗಿದೆಯಲ್ಲ, ಮುಂದುವರಿಸಿ. ಹದಿಮೂರು ಜಡೆಯಲ್ಲೇ 130 ಸೆಂ.ಮೀ. ಮುಗಿಸಿ. ಮೇಲಿನ ಪಟ್ಟಿಗೆ ಬಂದಾಗ ಪ್ರತಿ ಜಡೆಯಲ್ಲಿ ಎರಡು ಸಲ ಎರಡೆರಡು ಕುಣಿಕೆ ಒಟ್ಟಿಗೆ ಹೆಣೆದು 118ನ್ನು 92ಕ್ಕೆ ಇಳಿಸಿ. ಕೆಳಗಿನ ನೆರಿಗೆ ಪಟ್ಟಿಯನ್ನೂ ಹಾಗೇ ಸರಿ ಮಾಡಬಹುದು. ಪಟ್ಟಿಯ ಮೇಲಿನ ಸಾಲಿನಲ್ಲಿ ಒಂದು ಕುಣಿಕೆ ಕತ್ತರಿಸಿ, ಆ ಸಾಲಿನ ದಾರವನ್ನು ನಿಧಾನ ಬಿಡಿಸಿ. ಮೇಲಿನ ಕುಣಿಕೆಗಳನ್ನು ಕಡ್ಡಿಗೆ ತೆಗೆದುಕೊಂಡು, ಅಲ್ಲೂ 92ಕ್ಕೆ ಇಳಿಸಿ, ಕೆಳಮುಖವಾಗಿ ಹೊಸ ಪಟ್ಟಿ ಹೆಣೆಯಿರಿ. ಕತ್ತರಿ ಹಿಡಿಯಲು ಎದೆ ಹೊಡೆದುಕೊಂಡರೆ ಮೊದಲು ನಮೂನೆ ತುಂಡಿನ ಮೇಲೆ ಮಾಡಿ ನೋಡಿ.

ಆಮೇಲೆ ಎರಡೂ ಪಕ್ಕದ ಅಂಚಿನಿಂದ, ಪ್ರತಿ ಗೀರಿಗೆ (ಎರಡು ಸಾಲಿಗೊಂದು ಏಳುವ ಉಬ್ಬು ಗೆರೆಗೆ) ಒಂದರಂತೆ ಕುಣಿಕೆ ಎತ್ತಿಕೊಂಡು, ಎರಡೂ ಬದಿ ಸೀದಾ ಹೆಣಿಗೆಯಲ್ಲಿ 10 ಸೆಂ.ಮೀ. ಪಟ್ಟಿ ಸೇರಿಸಿ. 79ಕ್ಕೆ 20 ಕೂಡಿ 99 ಸೆಂ.ಮೀ. ಆಯಿತು. ಮೈ ಭಾಗಕ್ಕೆ ಸುಮಾರು 890 ಗ್ರಾಂ ಬೇಕಾಗುವುದರಿಂದ ನಿಮ್ಮ ಒಂದು ಕಿಲೋ ಅಲ್ಲಿಗೆ ಸಾಲುತ್ತದೆ. ಪಕ್ಕದ ಪಟ್ಟಿಗಳಿಗೆ ಇನ್ನೊಂದು 200 ಗ್ರಾಂ ತನ್ನಿ. ಅದೇ ಲಾಟ್ ಹುಡುಕುತ್ತಾ ಅಲೆಯಬೇಡಿ, ಬೇರೆ ಗಾಢ ಬಣ್ಣವನ್ನೇ ತನ್ನಿ. ದಪ್ಪ ಮಾತ್ರ ಅದೇ ಇರಲಿ.