ಊರ ಹೆಸರಿನ ಅರ್ಥ ಕೇಳುವ ಮೊದಲು

ಆಸ್ಟ್ರೇಲಿಯಾದಲ್ಲಿ ನೆಲೆಸಿದ ಕನ್ನಡಿಗರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ, 'ನಮ್ಮ ಏರಿಯಾ ಹೆಸರಿಗೆ ಏನರ್ಥ?' ಭಾಷೆಗಳ ಅಧ್ಯಯನ ನನ್ನ ಕಸುಬು. ಹಾಗಾಗಿ ನಾನು ಮೊದಲು ನೋಡುವುದು ಅದು ಯಾವ ಭಾಷೆಯ ಹೆಸರು ಅಂತ. ಇಲ್ಲಿನ ಮೂಲನಿವಾಸಿಗಳನ್ನು ಅಬೊರಿಜಿನಲ್ ಅನ್ನುತ್ತಾರೆ, ಆದರೆ 'ಅಬೊರಿಜಿನಲ್' ಅನ್ನುವ ಒಂದು ಭಾಷೆ ಇಲ್ಲ. 1788ರಲ್ಲಿ ಬ್ರಿಟಿಷರು ಬಂದಿಳಿದಾಗ ಇಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಒಂದು ಭಾಷೆಯ ಪದಪಟ್ಟಿ ಹಿಡಿದು ಇನ್ನೊಂದು ಭಾಷೆಯ ಊರಿಗೆ ಅರ್ಥ ಹೇಳಿದರೆ ಅದು ಬರೀ ಊಹೆ.

ಅಡಿಲೇಡ್ ಸುತ್ತಲಿನ ಹೆಸರುಗಳನ್ನೇ ನೋಡಿ. ಒಂಕಪರಿಂಗ, ವಿಲ್ಲಂಗ, ಆಲ್ಡಿಂಗ. ಎಲ್ಲದರ ಕೊನೆಗೂ 'ಂಗ' ಬರುತ್ತದೆ. ಇದು ಆ ನೆಲದ ಕೌರ್ನಾ ಭಾಷೆಯ ವಿಭಕ್ತಿ ಪ್ರತ್ಯಯ, ನಮ್ಮ 'ಅಲ್ಲಿ' ಇದ್ದ ಹಾಗೆ. ಒಂಕಪರಿಂಗದ ಮೂಲ ರೂಪ 'ಙಂಕಿಪರಿಂಗ'. ಙಂಕಿ ಅಂದರೆ ಹೆಣ್ಣು, ಪರಿ ಅಂದರೆ ನದಿ. ಒಟ್ಟಿಗೆ 'ಹೆಂಗಸರ ನದಿಯಲ್ಲಿ'.

ಮೊದಲಿನ ಙ ಎಲ್ಲಿ ಹೋಯಿತು? ಇಂಗ್ಲಿಷಿನಲ್ಲಿ ಯಾವ ಪದವೂ ಆ ಧ್ವನಿಯಿಂದ ಶುರುವಾಗುವುದಿಲ್ಲ. ಬರೆದುಕೊಂಡವರ ಕಿವಿಗೆ ಅದು ಬೀಳಲೇ ಇಲ್ಲ. ನಾವು ಕಾಗುಣಿತದಲ್ಲಿ ಕಲಿತು ಬಹುತೇಕ ಮರೆತ ಅಕ್ಷರ ಇಲ್ಲಿ ದಿನಬಳಕೆಯ ಧ್ವನಿ. ಟ, ಣ, ಳಗಳಂತೆ ನಾಲಿಗೆ ಮಡಚಿ ಆಡುವ ಧ್ವನಿಗಳೂ ಇಲ್ಲಿನ ಬಹಳಷ್ಟು ಭಾಷೆಗಳಲ್ಲಿವೆ. ಅಡಿಲೇಡಿನ ವಿಕ್ಟೋರಿಯಾ ಸ್ಕ್ವೇರ್‌ಗೆ ಕೌರ್ನಾ ಹೆಸರೂ ಅಧಿಕೃತವಾಗಿದೆ. ಫಲಕದಲ್ಲಿ ಇಂಗ್ಲಿಷ್ ಅಕ್ಷರ ನೋಡಿ 'ತರ್ನ್ತಾನ್ಯಂಗ' ಅಂತ ಓದಿದರೆ ನಾಲಿಗೆ ತೊಡರುತ್ತದೆ. ಅಲ್ಲಿರುವ ಆರ್, ಎನ್, ಟಿ ಸೇರಿ ನಮ್ಮ 'ಣ್ಟ', ಎನ್, ವೈ ಸೇರಿ ನಮ್ಮ 'ಞ'. ತಣ್ಟ ಅಂದರೆ ಕೆಂಪು ಗಂಡು ಕಾಂಗರೂ. ಈ ಹೆಸರುಗಳನ್ನು ಸರಿಯಾಗಿ ಹೇಳಲು ಕನ್ನಡಿಗರಿಗೆ ಕಷ್ಟವೇನಿಲ್ಲ, ಅಲ್ವಾ?

ಒಂದೇ ಹೆಸರನ್ನು ಒಮ್ಮೆ ಪ, ಕ ಎಂದೂ ಇನ್ನೊಮ್ಮೆ ಬ, ಗ ಎಂದೂ ಬರೆದಿರುವ ಗೊಂದಲವೂ ಹೀಗೇ ಹುಟ್ಟಿದ್ದು. ಇಲ್ಲಿನ ಹೆಚ್ಚಿನ ಭಾಷೆಗಳಲ್ಲಿ ಪ ಅಂದರೂ ಬ ಅಂದರೂ ಅರ್ಥ ಬದಲಾಗುವುದಿಲ್ಲ. ಸಿಡ್ನಿ ಪಕ್ಕದ ಊರನ್ನು 1791ರಲ್ಲಿ ಗವರ್ನರ್ ಫಿಲಿಪ್ 'ಪರಮಟ್ಟ' ಎಂದು ಕರೆದ. ಅಲ್ಲಿನ ಕುಲದ ಹೆಸರು 'ಬುರಮಟ್ಟಗಲ್' ಎಂದು ದಾಖಲಾಗಿದೆ. ಕೊನೆಯ 'ಗಲ್' ಬಿಟ್ಟರೆ ಎರಡೂ ಒಂದೇ ಪದ. ಬುರ ಅಂದರೆ ಹಾವುಮೀನು.

ಕೌರ್ನಾದ ಬಗ್ಗೆ ಇಷ್ಟು ಹೇಳಲು ಆಗುತ್ತಿರುವುದಕ್ಕೆ ಕಾರಣ ಇಬ್ಬರು ಜರ್ಮನ್ ಪಾದ್ರಿಗಳು. ಟೈಖೆಲ್ಮನ್ ಮತ್ತು ಶೂರ್ಮನ್ 1840ರಲ್ಲೇ ಈ ಭಾಷೆಯ ವ್ಯಾಕರಣ, ಪದಕೋಶ ಅಚ್ಚು ಹಾಕಿಸಿದರು. ಮುಂದೆ ಮನೆಗಳಲ್ಲಿ ಕೌರ್ನಾ ಮಾತು ನಿಂತೇ ಹೋಯಿತು. ಈಗ ಅದೇ ಪುಸ್ತಕದ ಆಧಾರದಲ್ಲಿ ಆ ಸಮುದಾಯದವರೇ ಭಾಷೆಯನ್ನು ಮತ್ತೆ ಕಟ್ಟುತ್ತಿದ್ದಾರೆ. ಹೆಸರುಗಳ ಬಗ್ಗೆ ಸಲಹೆ ಕೊಡಲು 'ಕೌರ್ನಾ ವರ್ರ ಪಿಂಟ್ಯಾಂತಿ' ಎಂಬ ಗುಂಪಿದೆ. ನನ್ನ ಪ್ರಕಾರ ಯಾವುದೇ ಅರ್ಥ ನಂಬುವ ಮೊದಲು ಇಂಥವರನ್ನು ಕೇಳಬೇಕು.

ಎಲ್ಲ ಕಡೆ ಅಷ್ಟು ಒಳ್ಳೆಯ ದಾಖಲೆ ಇಲ್ಲ. ಮೆಲ್ಬರ್ನ್‌ನ ನದಿಗೆ 1835ರಲ್ಲಿ 'ಯಾರ' ಎಂದು ಹೆಸರಿಟ್ಟವನು ವೆಜ್ ಎಂಬ ಸರ್ವೇಯರ್. ಸ್ಥಳೀಯರು 'ಯಾರೊ ಯಾರೊ' ಅಂದಾಗ ಅದೇ ನದಿಯ ಹೆಸರು ಅಂದುಕೊಂಡ. ಅವರು ಹೇಳಿದ್ದು ಧುಮುಕಿ ಹರಿಯುವ ನೀರಿನ ಬಗ್ಗೆ. ನದಿಯ ಹೆಸರು ಬಿರರಂಗ್. ಇವತ್ತಿಗೂ ನಕ್ಷೆಗಳಲ್ಲಿ ಯಾರ ಅಂತಲೇ ಇದೆ. ಬಿರರಂಗ್ ಎಂಬ ಹೆಸರು ಮತ್ತೆ ಬಳಕೆಗೆ ಬರುತ್ತಿರುವುದು ನನಗೆ ತುಂಬ ಖುಷಿ.

ಇನ್ನು ಉಲುರು, ಆಸ್ಟ್ರೇಲಿಯಾದ ನಡುಭಾಗದ ದೊಡ್ಡ ಬಂಡೆ. 1873ರಲ್ಲಿ ಆ ಬಂಡೆಗೆ 'ಏರ್ಸ್ ರಾಕ್' ಅಂತ ಹೆಸರಿಟ್ಟರು. 1993ರಲ್ಲಿ ಎರಡೂ ಹೆಸರು ಅಧಿಕೃತವಾದವು, 2002ರಲ್ಲಿ ಆ ಜೋಡಿ ಹೆಸರಿನಲ್ಲಿ ಉಲುರು ಮೊದಲಿಗೆ ಬಂತು. ಅದರ ಅರ್ಥವನ್ನೂ ಬಹಳ ಜನ ಕೇಳುತ್ತಾರೆ. ಪಿಟ್ಜಂಟ್ಜಾಟ್ಜಾರ ಭಾಷೆಯಲ್ಲಿ ಅದು ಆ ಜಾಗದ ಹೆಸರು, ಅಷ್ಟೇ. ಬೇರೆ ಅರ್ಥ ಇಲ್ಲ.