ಎಕ್ಸ್ ಬಂತು, ಕೋನ ಎಲ್ಲಿ?

ಬಳ್ಳಾರಿಯಲ್ಲಿ ಒಂಬತ್ತನೇ ತರಗತಿಗೆ ಗಣಿತ ಹೇಳುವ ನನಗೆ ದಿನಾ ಕೇಳಿಸುವ ಮಾತು ಒಂದೇ: "ಎಕ್ಸ್ ಬಂತ್ರೀ ಸರ್!" ಅಷ್ಟು ಹೇಳಿ ಪೆನ್ನು ಕೆಳಗಿಡುತ್ತಾರೆ. ಕೋನ ಎಷ್ಟಪ್ಪಾ ಅಂದರೆ ಮುಖ ಮುಖ ನೋಡುತ್ತಾರೆ.

ಎರಡು ಗೆರೆ ಒಂದನ್ನೊಂದು ಕತ್ತರಿಸಿವೆ. ಎದುರುಬದುರು ಇರುವ ಶೃಂಗಾಭಿಮುಖ ಕೋನಗಳು 3ಎಕ್ಸ್ + 10 ಮತ್ತು 5ಎಕ್ಸ್ − 30 ಡಿಗ್ರಿ. ಇವೆರಡೂ ಸಮ, ಹಾಗಾಗಿ ಎಕ್ಸ್ 20. ಆದರೆ ಆ ಚಿತ್ರದಲ್ಲಿ 20 ಡಿಗ್ರಿಯ ಕೋನ ಎಲ್ಲೂ ಇಲ್ಲ! 20ನ್ನು ಮೊದಲನೆಯದರಲ್ಲಿ ಹಾಕಿ: 60ಕ್ಕೆ 10 ಕೂಡಿದರೆ 70. ಎರಡನೆಯದರಲ್ಲೂ ಹಾಕಿ: 100ರಲ್ಲಿ 30 ಕಳೆದರೆ 70. ಕೋನ ಅಂದರೆ ಈ 70.

"ಒಂದರಾಗ ಹಾಕಿದ್ರ ಸಾಲದೇನ್ರೀ?" ಸಾಲದು. ಹೋದ ವರ್ಷ ಒಬ್ಬ ಹುಡುಗ ಇದೇ ಲೆಕ್ಕದಲ್ಲಿ ಎರಡೂ ಕೋನ ಕೂಡಿಸಿ 180 ಅಂತ ಬರೆದ. ಎಕ್ಸ್ 25 ಬಂತು. ಬೀಜಗಣಿತದಲ್ಲಿ ಒಂದು ತಪ್ಪೂ ಇಲ್ಲ. ನಾನು ತಪ್ಪು ಅನ್ನಲಿಲ್ಲ, ಎರಡರಲ್ಲೂ ಹಾಕಿ ನೋಡು ಅಂದೆ. ಒಂದು 85, ಇನ್ನೊಂದು 95 ಬಂತು. ಸುಮ್ಮನೆ ನಿಂತ. ಅವರ ಮನೆಯಲ್ಲಿ ಜೀನ್ಸ್ ಹೊಲಿಯುತ್ತಾರೆ, ಸಂಜೆ ದಾರ ಕತ್ತರಿಸುವ ಕೆಲಸ ಇವನದೇ. "ಕತ್ತರಿ ತೆರೆದಾಗ ನಡುವಿನ ಮೊಳೆ ಹತ್ತಿರ ನೋಡಿದ್ದೀಯಾ?" ಅಂದೆ. "ಆ ಕಡೆ ಎಷ್ಟು ತೆರೀತೈತೋ ಈ ಕಡೆನೂ ಅಷ್ಟೇ ರೀ" ಅಂದವನೇ ಬರೆದದ್ದನ್ನು ತಾನೇ ಹೊಡೆದುಹಾಕಿದ. ಅವತ್ತು ನನಗಾದ ಖುಷಿ ಇನ್ನೂ ಹಾಗೇ ಇದೆ.

ಕೂಡಿಸಿದರೆ 180 ಆಗುವುದು ಸರಳಯುಗ್ಮ, ಅಂದರೆ ಒಂದೇ ನೇರ ಗೆರೆಯ ಮೇಲೆ ಪಕ್ಕಪಕ್ಕ ಕೂತ ಎರಡು ಕೋನ. ಇಲ್ಲಿ 70ರ ಪಕ್ಕದ್ದು 110. ಎದುರಿನ ಕೋನಕ್ಕೂ ಅದೇ 110 ಪಕ್ಕದ್ದು, ಅದಕ್ಕೇ ಅದೂ 70 ಆಗಲೇಬೇಕು, ಅಲ್ವಾ?

ಪ್ರಶ್ನೆ ಎಕ್ಸ್ ಮಾತ್ರ ಕೇಳಿದ್ದರೆ ಉತ್ತರ ಎಕ್ಸ್‌ಗೇ ನಿಲ್ಲಬಹುದು. ಆಗಲೂ ನಾನು ರಫ್ ಹಾಳೆಯಲ್ಲಿ ಎಕ್ಸ್ ಬೆಲೆ ಹಾಕಿಸಿ ಕೋನ ತೆಗೆಸುತ್ತೇನೆ.

ತಂದೆತಾಯಿಗಳು ಇನ್ನೊಂದು ಟ್ಯೂಷನ್ ಬೇಕಾ ಅಂತ ಕೇಳುತ್ತಾರೆ. ಈ ತಪ್ಪೊಂದಕ್ಕೆ ಬೇಡ. ಬರೆದು ಮುಗಿಸಿದ ಮೇಲೆ ಮಗು ಎಕ್ಸ್ ಬೆಲೆ ಹಾಕಿ ಎರಡೂ ಕೋನ ನೋಡಿತಾ ಅಂತ ವಿಚಾರಿಸಿ, ಸಾಕು.

ಒಂದು ಎಚ್ಚರಿಕೆ ಮಾತ್ರ. ಅವಸರದಲ್ಲಿ 30ರ ಜಾಗದಲ್ಲಿ 50 ಅಂತ ಇಳಿಸಿಕೊಂಡರೆ ಎಕ್ಸ್ 30 ಬರುತ್ತದೆ. ನೋಟ್‌ಬುಕ್ಕಿನಲ್ಲಿ ಎರಡೂ ಕೋನ 100 ಆಗಿ ಸರಿಯಾಗೇ ಕಾಣುತ್ತವೆ. ಪ್ರಶ್ನೆಪತ್ರಿಕೆಯಲ್ಲಿರುವ 5ಎಕ್ಸ್ − 30ಕ್ಕೆ ಹಾಕಿದರೆ ಮಾತ್ರ 120 ಬಂದು ತಪ್ಪು ಸಿಕ್ಕಿಬೀಳುತ್ತದೆ. ಅದಕ್ಕೇ ಬೆಲೆ ಹಾಕುವಾಗ ಕಣ್ಣು ಪ್ರಶ್ನೆಪತ್ರಿಕೆಯ ಮೇಲಿರಲಿ.